ಜ್ವರ ಹೋಯಿತು, ಶುಗರ್ ಉಳಿಯಿತು: ವೈರಸ್ಸಿಗೂ ಸಕ್ಕರೆ ಕಾಯಿಲೆಗೂ ಏನು ನಂಟು?

ಕೋವಿಡ್ ಬಂದು ಹೋದವರಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 40ರಷ್ಟು ಜಾಸ್ತಿ ಎಂದು 2022ರ ಮಾರ್ಚ್‌ನಲ್ಲಿ ಅಮೆರಿಕದಿಂದ ಸುದ್ದಿ ಬಂತು. ನಾಲ್ಕು ತಿಂಗಳು ಕಳೆದು ಜುಲೈನಲ್ಲಿ ಲಂಡನ್ನಿನಿಂದ ಇನ್ನೊಂದು ಸುದ್ದಿ. ಅಪಾಯ ಏರುವುದು ಮೊದಲ ಕೆಲವು ವಾರ ಮಾತ್ರ, ಮೂರು ತಿಂಗಳ ಹೊತ್ತಿಗೆ ಎಲ್ಲ ಮಾಮೂಲಿಗೆ ಬರುತ್ತದೆ ಎಂದಿತು ಅದು. 2024ರಲ್ಲಿ ಮತ್ತೆ ಇಂಗ್ಲೆಂಡಿನಿಂದಲೇ ಮೂರನೆಯದು: ಇಲ್ಲ, ವರ್ಷದ ಕೊನೆಗೂ ಅಪಾಯ ಪೂರ್ತಿ ಇಳಿದಿರಲಿಲ್ಲ. ಮೂರೂ ಲಕ್ಷಗಟ್ಟಲೆ ಜನರ ದಾಖಲೆ ನೋಡಿ ಮಾಡಿದ ಅಧ್ಯಯನಗಳು. ಯಾವುದೂ ವಾಟ್ಸ್‌ಆ್ಯಪ್ ಸಂಶೋಧನೆಯಲ್ಲ. ಓದುವವರು ಯಾವುದನ್ನು ನಂಬಬೇಕು?

ನಮ್ಮ ಊರುಗಳಲ್ಲಿ ಈ ಗೊಂದಲಕ್ಕೆ ಬೇರೆ ರೂಪವಿದೆ. ಡೆಂಗಿ ಎಂದು ಆಸ್ಪತ್ರೆ ಸೇರಿದವರ ರಕ್ತಪರೀಕ್ಷೆಯಲ್ಲಿ ಶುಗರ್ 220 ಎಂದು ಬರುತ್ತದೆ. ಮನೆಯವರಲ್ಲಿ ಒಬ್ಬರು, ‘ಅದು ಜ್ವರದ ಶುಗರ್, ತಾನಾಗೇ ಇಳಿಯುತ್ತೆ ಬಿಡಿ’ ಎನ್ನುತ್ತಾರೆ. ಇನ್ನೊಬ್ಬರು, ‘ನೆಟ್ಟಗಿದ್ದವರಿಗೆ ಈ ಜ್ವರವೇ ಶುಗರ್ ತಂದಿಟ್ಟಿತು’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಈ ಶುಗರ್ ಯಾವಾಗಿನಿಂದ ಇದೆ? ಎಷ್ಟಿದೆ ಎನ್ನುವುದಕ್ಕಿಂತ ಇದು ಮುಖ್ಯ. ವಿಜ್ಞಾನಿಗಳ ಜಗಳ ಬಿಡಿಸಲೂ ಬಹಳ ಮಟ್ಟಿಗೆ ಇದೇ ಪ್ರಶ್ನೆ ಬೇಕು.

ಊಟ ಸೇರದಿದ್ದರೂ ಶುಗರ್ ಏರುವುದೇಕೆ?

ಜ್ವರ ಬಂದವರು ಎರಡು ಸೌಟು ಗಂಜಿ ಕುಡಿದರೆ ಅದೇ ಹೆಚ್ಚು. ಹಾಗಿದ್ದೂ ಶುಗರ್ ಏರುತ್ತದೆ ಎಂದರೆ ಅನೇಕರಿಗೆ ನಂಬಿಕೆ ಬರುವುದಿಲ್ಲ. ರಕ್ತಕ್ಕೆ ಸಕ್ಕರೆ ಬರುವುದು ತಟ್ಟೆಯಿಂದ ಮಾತ್ರ ಅಲ್ಲ. ಲಿವರ್ ಸಕ್ಕರೆಯನ್ನು ಕೂಡಿಟ್ಟುಕೊಂಡಿರುತ್ತದೆ. ಸಾಲದೆ ಬಂದರೆ ಹೊಸದಾಗಿ ತಯಾರಿಸಿಕೊಳ್ಳುತ್ತದೆ ಕೂಡ.

ಸೋಂಕು ತಗುಲಿದಾಗ ದೇಹದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳು ಏರುತ್ತವೆ. ಇವೆಲ್ಲ ಲಿವರ್‌ಗೆ ಹೇಳುವುದು ಒಂದೇ ಮಾತು: ಉಗ್ರಾಣದ ಬಾಗಿಲು ತೆಗಿ. ಇದರ ಜೊತೆಗೆ ವೈರಸ್ ವಿರುದ್ಧ ಹೋರಾಡುವ ರಕ್ಷಣಾ ಕಣಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಿಂದ ಸ್ನಾಯು ಮತ್ತು ಕೊಬ್ಬಿನ ಕಣಗಳು, ರಕ್ತದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಿ ಎನ್ನುವ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಅಂದರೆ ಒಂದು ಕಡೆ ರಕ್ತಕ್ಕೆ ಬರುವ ಸಕ್ಕರೆ ಹೆಚ್ಚುತ್ತದೆ, ಇನ್ನೊಂದು ಕಡೆ ಅದು ಖರ್ಚಾಗುವ ದಾರಿ ಕಿರಿದಾಗುತ್ತದೆ.

ಇದು ದೇಹದ ತಪ್ಪಲ್ಲ, ಲೆಕ್ಕಾಚಾರ. ಹೋರಾಡುವ ಕಣಗಳಿಗೆ ಸಕ್ಕರೆ ಬೇಕು, ಮಿದುಳಿಗೂ ಬೇಕು. ಮಲಗಿರುವ ಮನುಷ್ಯನ ತೊಡೆಯ ಸ್ನಾಯುವಿಗೆ ಸದ್ಯಕ್ಕೆ ಅಷ್ಟು ಬೇಡ. ಆರೋಗ್ಯವಂತರಲ್ಲಿ ಮೇದೋಜ್ಜೀರಕ ಗ್ರಂಥಿ ಸ್ವಲ್ಪ ಜಾಸ್ತಿ ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸುತ್ತದೆ. ರಿಪೋರ್ಟಿನಲ್ಲಿ ಏನೂ ಕಾಣುವುದೇ ಇಲ್ಲ. ಆ ಜಾಸ್ತಿ ಇನ್ಸುಲಿನ್ ಕೊಡುವ ತ್ರಾಣ ಗ್ರಂಥಿಗೆ ಇಲ್ಲದಿದ್ದರೆ ಮಾತ್ರ ಶುಗರ್ ಏರಿ ಕಣ್ಣಿಗೆ ಬೀಳುತ್ತದೆ.

20 ಜನ ಇಬ್ಬರಾದ ಕಥೆ

ಹೀಗೆ ಏರಿದ್ದು ಇಳಿಯುತ್ತದೆಯೇ? ಇದಕ್ಕೆ ಕೋವಿಡ್‌ಗಿಂತ ಹಳೆಯ ಉತ್ತರವೊಂದಿದೆ. 2003ರಲ್ಲಿ ಕೋವಿಡ್ ವೈರಸ್ಸಿನ ಸಂಬಂಧಿಯೊಂದರಿಂದ ಬರುವ ಸಾರ್ಸ್ ಜ್ವರ ಹರಡಿದಾಗ ಚೀನಾದ ವೈದ್ಯರು 39 ರೋಗಿಗಳನ್ನು ಮೂರು ವರ್ಷ ಗಮನಿಸಿದರು. ಇವರಲ್ಲಿ ಯಾರಿಗೂ ಮೊದಲು ಸಕ್ಕರೆ ಕಾಯಿಲೆ ಇರಲಿಲ್ಲ, ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಕೂಡ ಕೊಟ್ಟಿರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ 20 ಜನರ ಶುಗರ್ ಸಕ್ಕರೆ ಕಾಯಿಲೆಯ ಮಟ್ಟಕ್ಕೆ ಏರಿತು. ಮೂರು ವರ್ಷದ ನಂತರ ಕಾಯಿಲೆ ಉಳಿದಿದ್ದು ಇಬ್ಬರಲ್ಲಿ ಮಾತ್ರ.

ಕೋವಿಡ್‌ನಲ್ಲಿ ಇಷ್ಟು ಒಳ್ಳೆಯ ಫಲಿತಾಂಶ ಬರಲಿಲ್ಲ. ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮೊದಲ ಅಲೆಯಲ್ಲಿ ದಾಖಲಾಗಿ, ಅಲ್ಲೇ ಹೊಸದಾಗಿ ಸಕ್ಕರೆ ಕಾಯಿಲೆ ಪತ್ತೆಯಾದವರನ್ನು ಆಮೇಲೂ ಗಮನಿಸಲಾಯಿತು. ಸುಮಾರು ಶೇ 40ರಷ್ಟು ಮಂದಿಯ ಶುಗರ್ ಮಾಮೂಲಿಗೆ ಅಥವಾ ಕಾಯಿಲೆಯ ಅಂಚಿನ ಮಟ್ಟಕ್ಕೆ ಇಳಿಯಿತು. ಇಂಗ್ಲೆಂಡಿನ 2024ರ ದೊಡ್ಡ ಅಧ್ಯಯನದಲ್ಲೂ, ಕೋವಿಡ್ ನಂತರ ಟೈಪ್ 2 (ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆ) ಎಂದು ಪತ್ತೆಯಾದವರಲ್ಲಿ ಸುಮಾರು ಶೇ 60ರಷ್ಟು ಮಂದಿಗೆ ನಾಲ್ಕು ತಿಂಗಳ ಮೇಲೂ ಕಾಯಿಲೆ ಇದ್ದೇ ಇತ್ತು. ಹಾಗಾಗಿ ‘ಜ್ವರದ ಶುಗರ್, ಹೋಗುತ್ತೆ ಬಿಡಿ’ ಎನ್ನುವ ಮಾತನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಕೆಲವರಲ್ಲಿ ಹೋಗುತ್ತದೆ. ಹಲವರಲ್ಲಿ ಉಳಿಯುತ್ತದೆ.

ಅಂಚಿನಲ್ಲಿ ನಿಂತವರು

ಯಾರಲ್ಲಿ ಉಳಿಯುತ್ತದೆ? ಇದಕ್ಕೆ ಒಳ್ಳೆಯ ಸುಳಿವು ಕೊಟ್ಟಿದ್ದು ಇಲಿಗಳು. ಕ್ರೊಯೇಷಿಯಾದ ರಿಯೆಕಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ವೈರಸ್ ತಗುಲಿದಾಗ ಬಿಡುಗಡೆಯಾಗುವ ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕ, ಸ್ನಾಯುಗಳ ಮೇಲೆ ಇನ್ಸುಲಿನ್ ಬಂದು ಕೂರುವ ಜಾಗಗಳನ್ನೇ ಕಡಿಮೆ ಮಾಡುತ್ತದೆ ಎಂದು ಅದು ತೋರಿಸಿತು. ಸಣ್ಣಗಿದ್ದ ಇಲಿಗಳಲ್ಲಿ ಇದರಿಂದ ಏನೂ ಆಗಲಿಲ್ಲ. ಅವುಗಳ ಮೇದೋಜ್ಜೀರಕ ಹೆಚ್ಚು ಇನ್ಸುಲಿನ್ ಕೊಟ್ಟು ನಿಭಾಯಿಸಿತು. ಕೊಬ್ಬಿನ ಆಹಾರ ತಿಂದು ದಪ್ಪಗಾಗಿ, ಅಂಚಿಗೆ ಬಂದಿದ್ದ ಇಲಿಗಳಲ್ಲಿ ಅದೇ ಸೋಂಕು ಶುಗರ್ ಹತೋಟಿಯನ್ನು ಕೆಡಿಸಿತು.

ಇಲಿಗೆ ಆಗಿದ್ದೆಲ್ಲ ಮನುಷ್ಯರಿಗೂ ಹಾಗೆಯೇ ಆಗಬೇಕೆಂದಿಲ್ಲ. ಆದರೂ ಈ ಚಿತ್ರ ಭಾರತಕ್ಕೆ ಚೆನ್ನಾಗಿ ಹೊಂದುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದ 1,13,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತ್ತು. ಅದರ ಲೆಕ್ಕದಂತೆ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಕಾಯಿಲೆಯ ಅಂಚಿನಲ್ಲಿರುವವರು ಇನ್ನೂ ಜಾಸ್ತಿ, ಸುಮಾರು 13.6 ಕೋಟಿ. ವೈದ್ಯರು ಪ್ರೀಡಯಾಬಿಟಿಸ್ ಎನ್ನುವುದು ಇದನ್ನೇ. ಖಾಲಿ ಹೊಟ್ಟೆಯ ಶುಗರ್ 100ರಿಂದ 125ರೊಳಗೆ ಇದ್ದವರು. ಮೈಗೆ ಏನೂ ಅನ್ನಿಸುವುದಿಲ್ಲ, ಪರೀಕ್ಷೆಗೆ ಹೋಗುವುದಿಲ್ಲ.

ಇಂಥವರನ್ನು ಆಚೆ ತಳ್ಳಲು ದೊಡ್ಡ ಕಾರಣವೇನೂ ಬೇಕಿಲ್ಲ. ಒಂದು ಗಟ್ಟಿ ಜ್ವರ, ಎರಡು ವಾರ ಹಾಸಿಗೆ, ಆಮೇಲೆ ಸುಸ್ತೆಂದು ತಿಂಗಳುಗಟ್ಟಲೆ ನಿಂತ ನಡಿಗೆ, ‘ಶಕ್ತಿ ಬರಲಿ’ ಎಂದು ಬಡಿಸಿದ ತುತ್ತುಗಳು ಸಾಕು. ಈ ಸಾಲಿನಲ್ಲಿ ವೈರಸ್ಸಿನ ಪಾಲೆಷ್ಟು, ನಂತರದ ದಿನಚರಿಯ ಪಾಲೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಸುದ್ದಿಯ ತಲೆಬರಹಗಳು ಪೂರ್ತಿ ಹೊಣೆಯನ್ನು ವೈರಸ್ ತಲೆಗೆ ಕಟ್ಟುತ್ತವೆ. ಇದು ಅವಸರದ ತೀರ್ಪು.

ಅಂಕಿಗಳು ಜಗಳವಾಡುವುದು ಎಲ್ಲಿ?

ಈಗ ಮೊದಲಿನ ಮೂರು ಸುದ್ದಿಗಳಿಗೆ ಬರೋಣ.

ಶೇ 40 ಎಂದು ಹೇಳಿದ್ದು ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳ ಅಧ್ಯಯನ. ಕೋವಿಡ್ ಬಂದ 1,81,280 ಜನರನ್ನು, ಬಾರದ 40 ಲಕ್ಷಕ್ಕೂ ಹೆಚ್ಚು ಜನರ ಜೊತೆ ಹೋಲಿಸಿದರು. ಶೇ 40 ಎಂದರೆ ನೂರು ಜನರಲ್ಲಿ ನಲವತ್ತು ಮಂದಿಗೆ ಸಕ್ಕರೆ ಕಾಯಿಲೆ ಬಂತು ಎಂದಲ್ಲ. ಕೋವಿಡ್ ಬಾರದವರಿಗಿದ್ದ ಅಪಾಯದ 1.4 ಪಟ್ಟು ಎಂದಷ್ಟೇ. ಅದೇ ಅಧ್ಯಯನದ ಇನ್ನೊಂದು ಅಂಕಿ ಇಷ್ಟು ಹೆದರಿಸುವುದಿಲ್ಲ: ವರ್ಷದಲ್ಲಿ ಪ್ರತಿ 1,000 ಜನರಿಗೆ ಸುಮಾರು 13 ಹೆಚ್ಚುವರಿ ಪ್ರಕರಣ. ಎರಡೂ ಸರಿಯಾದ ಅಂಕಿಗಳೇ. ತಲೆಬರಹಕ್ಕೆ ಯಾವುದು ಹೋಗುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ?

ಈ ಮಾಜಿ ಸೈನಿಕರು ಹೆಚ್ಚಾಗಿ ವಯಸ್ಸಾದ ಬಿಳಿಯ ಗಂಡಸರು. ಮೊದಲೇ ಅಂಚಿನಲ್ಲಿದ್ದವರು ಇವರಲ್ಲಿ ಜಾಸ್ತಿ ಇರುವುದು ಸಹಜ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ನೋಡಿದ್ದು ಬ್ರಿಟನ್ನಿನ ಕುಟುಂಬ ವೈದ್ಯರ ಬಳಿ ಇದ್ದ 4,28,650 ಕೋವಿಡ್ ರೋಗಿಗಳ ದಾಖಲೆ. ಅದರಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ಮೊದಲ ನಾಲ್ಕು ವಾರದಲ್ಲಿ ಹೊಸ ಪ್ರಕರಣ ಶೇ 81ರಷ್ಟು ಹೆಚ್ಚಿತ್ತು. ಹನ್ನೆರಡನೇ ವಾರದವರೆಗೆ ಶೇ 27. ಆಮೇಲೆ ವ್ಯತ್ಯಾಸ ಮಾಯ. 2024ರ ಅಧ್ಯಯನ ಇಂಗ್ಲೆಂಡಿನ 1.6 ಕೋಟಿ ಜನರದ್ದು. ಲಸಿಕೆ ಬರುವ ಮೊದಲಿನ ಕಾಲದಲ್ಲಿ ಸೋಂಕಿನ ಮೊದಲ ನಾಲ್ಕು ವಾರ ಟೈಪ್ 2 ಪ್ರಕರಣಗಳು ನಾಲ್ಕು ಪಟ್ಟಿಗೂ ಹೆಚ್ಚಿದ್ದವು, ನಂತರ ಇಳಿಯುತ್ತಾ ಹೋದವು. ಆಸ್ಪತ್ರೆ ಸೇರುವಷ್ಟು ಜೋರಾಗಿ ಕಾಯಿಲೆ ಬಿದ್ದವರಲ್ಲಿ ಏರಿಕೆ ಹೆಚ್ಚು, ಲಸಿಕೆ ಪಡೆದವರಲ್ಲಿ ಕಡಿಮೆ.

ಪಕ್ಕಪಕ್ಕ ಇಟ್ಟು ನೋಡಿದರೆ ಜಗಳ ಅಷ್ಟೇನೂ ದೊಡ್ಡದಲ್ಲ. ಮೊದಲ ತಿಂಗಳ ಏರಿಕೆಯ ಬಗ್ಗೆ ಬ್ರಿಟನ್ನಿನ ಎರಡೂ ಅಧ್ಯಯನಗಳು ಒಂದೇ ಮಾತು ಹೇಳುತ್ತವೆ. ವಾದ ಇರುವುದು ವರ್ಷದ ಕೊನೆಗೆ ಉಳಿದ ಬಾಲದ ಬಗ್ಗೆ.

ಆ ಮೊದಲ ತಿಂಗಳ ಏರಿಕೆಯಲ್ಲೂ ಒಂದು ಪೇಚಿದೆ. ಟೈಪ್ 2 ನಾಲ್ಕು ವಾರದಲ್ಲಿ ಬೆಳೆಯುವ ಕಾಯಿಲೆಯಲ್ಲ, ವರ್ಷಗಟ್ಟಲೆ ಒಳಗೊಳಗೇ ಬಲಿಯುತ್ತದೆ. ಹಾಗಾದರೆ ಮೊದಲ ತಿಂಗಳಲ್ಲೇ ಅಷ್ಟೊಂದು ‘ಹೊಸ’ ರೋಗಿಗಳು ಎಲ್ಲಿಂದ ಬಂದರು? ಬಹುಪಾಲು ಮೊದಲೇ ಇದ್ದವರಿರಬೇಕು. ಜ್ವರ ಎಂದು ರಕ್ತ ಕೊಟ್ಟರು, ಶುಗರ್ ಸಿಕ್ಕಿಬಿತ್ತು. ವೈರಸ್ ಬಾರದವರು ರಕ್ತ ಕೊಡಲಿಲ್ಲ, ಸಿಕ್ಕಿಬೀಳಲಿಲ್ಲ. ಹುಡುಕಿದಲ್ಲಿ ಸಿಗುತ್ತದೆ ಎನ್ನುವ ಈ ದೋಷವನ್ನು ಲೆಕ್ಕದಿಂದ ಪೂರ್ತಿ ತೆಗೆಯುವುದು ಯಾರಿಗೂ ಸುಲಭವಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅಧ್ಯಯನ ಹೋಲಿಕೆಯನ್ನು ಸ್ವಲ್ಪ ಬಿಗಿ ಮಾಡಿತು. ಕೋವಿಡ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರನ್ನು, ಅದೇ ಪರೀಕ್ಷೆ ಮಾಡಿಸಿಕೊಂಡು ನೆಗೆಟಿವ್ ಬಂದವರ ಜೊತೆ ಹೋಲಿಸಿದರು. ಆಗ ವ್ಯತ್ಯಾಸ ಶೇ 17ಕ್ಕೆ ಇಳಿಯಿತು. ಒಟ್ಟು ಹೊಸ ಸಕ್ಕರೆ ಕಾಯಿಲೆಯಲ್ಲಿ ಶೇ 3ರಿಂದ 5ರಷ್ಟನ್ನು ಕೋವಿಡ್ ಲೆಕ್ಕಕ್ಕೆ ಬರೆಯಬಹುದು ಎಂದು ಅವರು ಅಂದಾಜು ಮಾಡಿದರು. ಹೋಲಿಕೆ ಬಿಗಿಯಾದಷ್ಟೂ ವೈರಸ್ಸಿನ ಪಾಲು ಸಣ್ಣದಾಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಕೋಟಿಗಟ್ಟಲೆ ಜನರಿಗೆ ಬಂದ ಸೋಂಕಿನಲ್ಲಿ ಶೇ 3 ಕೂಡ ಸಣ್ಣ ಸಂಖ್ಯೆಯಲ್ಲ.

ಗ್ರಂಥಿಯೊಳಗೇ ನುಗ್ಗುತ್ತದೆಯೇ?

ಇನ್ಸುಲಿನ್ ತಯಾರಿಸುವುದು ಮೇದೋಜ್ಜೀರಕದ ಬೀಟಾ ಕಣಗಳು. ಕೊರೊನಾ ವೈರಸ್ ನೇರವಾಗಿ ಅವನ್ನೇ ಹಿಡಿಯುತ್ತದೆಯೇ ಎನ್ನುವುದರ ಬಗ್ಗೆ ಪ್ರಯೋಗಾಲಯಗಳೇ ಎರಡು ಪಾಳಯವಾದವು. ವೈರಸ್ ಕಣದೊಳಗೆ ಹೋಗಲು ಬೇಕಾದ ಎಸಿಇ2 ಎಂಬ ಹಿಡಿಕೆ ಬೀಟಾ ಕಣಗಳ ಮೇಲೆ ಕಾಣುವುದೇ ಇಲ್ಲ, ಗ್ರಂಥಿಯ ರಕ್ತನಾಳ ಮತ್ತು ಕೊಳವೆಗಳಲ್ಲಿ ಮಾತ್ರ ಇದೆ ಎಂದು 2020ರಲ್ಲಿ ಎರಡು ತಂಡಗಳು ಹೇಳಿದವು. 2021ರಲ್ಲಿ ಬೇರೆ ತಂಡಗಳು, ತೀರಿಹೋದ ಕೋವಿಡ್ ರೋಗಿಗಳ ಬೀಟಾ ಕಣಗಳಲ್ಲಿ ವೈರಸ್ ಕಂಡಿದ್ದಾಗಿ ವರದಿ ಮಾಡಿದವು. ನ್ಯೂಯಾರ್ಕ್‌ನ ಇನ್ನೊಂದು ತಂಡ, ಸಮಸ್ಯೆ ಇನ್ಸುಲಿನ್ ತಯಾರಿಯಲ್ಲಿಲ್ಲ, ಕೊಬ್ಬಿನ ಕಣಗಳು ಕೆಟ್ಟು ಇನ್ಸುಲಿನ್ ಕೆಲಸ ಮಾಡದಿರುವುದರಲ್ಲಿದೆ ಎಂದಿತು. ಆಸ್ಪತ್ರೆಯಲ್ಲಿ ಕಂಡದ್ದಕ್ಕೆ ಮೂರನೆಯ ಮಾತು ಹೆಚ್ಚು ಹೊಂದುತ್ತದೆ. ಬೀಟಾ ಕಣಗಳು ಸಾರಾಸಗಟಾಗಿ ಸತ್ತಿದ್ದರೆ ಅಷ್ಟೊಂದು ಜನರ ಶುಗರ್ ಮತ್ತೆ ಇಳಿಯುತ್ತಿರಲಿಲ್ಲ.

ಮಕ್ಕಳ ಟೈಪ್ 1: ಇದು ಬೇರೆಯೇ ಕಥೆ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಟೈಪ್ 2 ಬಗ್ಗೆ. ಟೈಪ್ 1ರಲ್ಲಿ ದೇಹದ ರಕ್ಷಣಾ ಪಡೆಯೇ ಬೀಟಾ ಕಣಗಳನ್ನು ಕೊಲ್ಲುತ್ತದೆ. ಎಷ್ಟೋ ಸಲ ಮಕ್ಕಳಲ್ಲೇ ಶುರುವಾಗುತ್ತದೆ, ಬದುಕಿಡೀ ಇನ್ಸುಲಿನ್ ಬೇಕು. ವೈರಸ್ಸಿನ ಮೇಲಿನ ಅನುಮಾನ ಇಲ್ಲಿ ಬಹಳ ಹಳೆಯದು. ಮಂಗನಬಾವು ಬಂದು ಹೋದ ಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದನ್ನು ನಾರ್ವೆಯ ವೈದ್ಯರೊಬ್ಬರು 1864ರಲ್ಲೇ ಬರೆದಿದ್ದರು. ಇನ್ಸುಲಿನ್ ಕಂಡುಹಿಡಿಯಲು ಆಗ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಬಾಕಿಯಿತ್ತು.

1969ರಲ್ಲಿ ಬ್ರಿಟನ್ನಿನಲ್ಲಿ ಗ್ಯಾಂಬಲ್ ಮತ್ತು ಟೇಲರ್ ಒಂದು ವಿಷಯ ಗಮನಿಸಿದರು. ಹೊಸ ಟೈಪ್ 1 ಪ್ರಕರಣಗಳು ವರ್ಷದ ಕೆಲವು ತಿಂಗಳಲ್ಲಿ ಹೆಚ್ಚುತ್ತಿದ್ದವು. ಆ ಏರಿಳಿತ ಕಾಕ್ಸಾಕಿ ಬಿ4 ಎಂಬ ಕರುಳಿನ ವೈರಸ್ಸಿನ ಏರಿಳಿತದ ಜೊತೆ ಹೊಂದುತ್ತಿತ್ತು. ಹತ್ತು ವರ್ಷದ ನಂತರ, 1979ರಲ್ಲಿ, ಇದಕ್ಕಿಂತ ಗಟ್ಟಿ ಸುಳಿವು ಬಂತು. ಜ್ವರದಂಥ ಕಾಯಿಲೆಯ ಬೆನ್ನಲ್ಲೇ ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋಗಿ ತೀರಿಕೊಂಡ ಹತ್ತು ವರ್ಷದ ಹುಡುಗನೊಬ್ಬನ ಮೇದೋಜ್ಜೀರಕದಿಂದ ಅಮೆರಿಕದ ವಿಜ್ಞಾನಿಗಳು ಕಾಕ್ಸಾಕಿ ಬಿ4 ಬೇರ್ಪಡಿಸಿದರು. ಅದನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಶುಗರ್ ಏರಿತು.

ಆದರೂ ಕೇಸು ಮುಗಿಯಲಿಲ್ಲ. ಕಾಕ್ಸಾಕಿ ವೈರಸ್ ಮಕ್ಕಳಲ್ಲಿ ಮಾಮೂಲಿ. ಅದು ಬಂದ ಬಹುಪಾಲು ಮಕ್ಕಳಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ. ಕೆಲವರಿಗೆ ಮಾತ್ರ ಏಕೆ? ಅಮೆರಿಕ, ಫಿನ್ಲೆಂಡ್, ಸ್ವೀಡನ್, ಜರ್ಮನಿಗಳಲ್ಲಿ ವಂಶವಾಹಿಯಿಂದ ಅಪಾಯ ಇರುವ 8,000ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತಿರುವ ‘ಟೆಡ್ಡಿ’ ಅಧ್ಯಯನ 2019ರಲ್ಲಿ ಒಂದು ಉತ್ತರ ಕೊಟ್ಟಿತು. ಬಂದು ಬೇಗ ಹೋದ ಸೋಂಕು ಮುಖ್ಯವಲ್ಲ. ಕಾಕ್ಸಾಕಿಯೂ ಸೇರಿದ ಎಂಟೆರೊವೈರಸ್ ಗುಂಪಿನ ಒಂದೇ ವೈರಸ್ ವಾರಗಟ್ಟಲೆ ಮಲದಲ್ಲಿ ಕಾಣಿಸುತ್ತಲೇ ಇದ್ದ ಮಕ್ಕಳಲ್ಲಿ, ಬೀಟಾ ಕಣಗಳ ಮೇಲಿನ ದಾಳಿ ಶುರುವಾಗುವುದು ಹೆಚ್ಚಿತ್ತು. ವೈರಸ್ ಬರುವುದಕ್ಕಿಂತ ಹೋಗದೆ ಉಳಿಯುವುದೇ ತೊಂದರೆ.

ಇದು ನಿಜವಾದರೆ ವೈರಸ್ಸನ್ನು ಓಡಿಸಿದರೆ ಲಾಭವಾಗಬೇಕು. ನಾರ್ವೆಯವರ ನೇತೃತ್ವದಲ್ಲಿ 2023ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ನೋಡಿತು. ಹೊಸದಾಗಿ ಟೈಪ್ 1 ಪತ್ತೆಯಾದ 96 ಮಕ್ಕಳಲ್ಲಿ ಕೆಲವರಿಗೆ ಆರು ತಿಂಗಳು ಎರಡು ವೈರಸ್ ನಿರೋಧಕ ಔಷಧ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ವರ್ಷದ ನಂತರ ಔಷಧ ತಿಂದವರಲ್ಲಿ ಸ್ವಂತ ಇನ್ಸುಲಿನ್ ಉತ್ಪಾದನೆ ಹೆಚ್ಚು ಉಳಿದಿತ್ತು. ಕಾಯಿಲೆ ವಾಸಿಯಾಗಲಿಲ್ಲ, ಕುಸಿತ ನಿಧಾನವಾಯಿತು ಅಷ್ಟೆ. ಆದರೂ ಇಡೀ ವಾದದಲ್ಲಿ ನನಗೆ ಹೆಚ್ಚು ತೂಕದ್ದು ಎನಿಸುವ ಸಾಕ್ಷ್ಯ ಇದು. ಜೊತೆಯಲ್ಲಿ ಕಾಣಿಸುವುದು ಬೇರೆ, ತೆಗೆದಾಗ ಪರಿಣಾಮ ಬದಲಾಗುವುದು ಬೇರೆ.

ವೈರಸ್ಸಿನಿಂದ ಸಕ್ಕರೆ ಕಾಯಿಲೆ ಬರುತ್ತದೆ ಎನ್ನಲು ಹೆಚ್ಚು ವಾದವಿಲ್ಲದ ಉದಾಹರಣೆ ರುಬೆಲ್ಲಾ. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗು ಕಣ್ಣು, ಕಿವಿ, ಹೃದಯದ ತೊಂದರೆಗಳೊಂದಿಗೆ ಹುಟ್ಟಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಪತ್ತೆಮಾಡಿದರು. ಅಂಥ ಮಕ್ಕಳು ದೊಡ್ಡವರಾದಾಗ ಅವರಲ್ಲಿ ಸಕ್ಕರೆ ಕಾಯಿಲೆ ಉಳಿದವರಿಗಿಂತ ಬಹಳ ಜಾಸ್ತಿ ಇತ್ತು. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಭಾರತದಲ್ಲಿ 2017ರ ಫೆಬ್ರುವರಿಯಲ್ಲಿ ಶುರುವಾದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಶಾಲೆಯ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡ ಮಕ್ಕಳ ಪೈಕಿ ಯಾರಿಗೂ ಇದು ಸಕ್ಕರೆ ಕಾಯಿಲೆಯ ಒಂದು ದಾರಿಯನ್ನೂ ಮುಚ್ಚುವ ಲಸಿಕೆ ಎಂದು ಗೊತ್ತಿದ್ದಿರಲಾರದು.

ಕೋವಿಡ್ ಮತ್ತು ಟೈಪ್ 1ರ ನಂಟು ಮಾತ್ರ ಇನ್ನೂ ಮಬ್ಬು. ಸೋಂಕಿನ ನಂತರ ಮಕ್ಕಳಲ್ಲಿ ಪ್ರಕರಣ ಹೆಚ್ಚಿದ್ದನ್ನು ಜರ್ಮನಿಯ ಬವೇರಿಯಾದ ದಾಖಲೆಗಳು ತೋರಿಸಿದವು. ಸ್ಕಾಟ್ಲೆಂಡಿನಲ್ಲಿ ಏರಿಕೆ ಕಂಡದ್ದು ಮೊದಲ 30 ದಿನ ಮಾತ್ರ, ಆಮೇಲೆ ಇಲ್ಲ. ಕಾಯಿಲೆ ಪತ್ತೆಯಾದಾಗ ಕೋವಿಡ್ ಪರೀಕ್ಷೆಯನ್ನೂ ಮಾಡುತ್ತಿದ್ದರಿಂದ ಹೀಗೆ ಕಂಡಿರಬಹುದು ಎಂದು ಅಲ್ಲಿನವರು ವಾದಿಸಿದರು. ಬೀಟಾ ಕಣಗಳ ಮೇಲಿನ ದಾಳಿ ತಿಂಗಳು, ವರ್ಷಗಳ ಮೊದಲೇ ಶುರುವಾಗಿರುತ್ತದೆ. ಹಾಗಾಗಿ ಸ್ಕಾಟ್ಲೆಂಡಿನ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಔಷಧವೂ ಆರೋಪಿಯೇ

ಎರಡನೇ ಅಲೆಯ ನೆನಪಿದ್ದವರಿಗೆ ಸ್ಟೀರಾಯ್ಡ್ ಎಂಬ ಪದ ಮರೆತಿರಲಾರದು. ಡೆಕ್ಸಾಮೆಥಸೋನ್ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿತ್ತು. ಆದರೆ ಅದು ಆಮ್ಲಜನಕ ಬೇಕಾದವರಿಗೆ, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. 2021ರಲ್ಲಿ ಇಲ್ಲಿ ಆಮ್ಲಜನಕ ಬೇಡದವರಿಗೂ, ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟ ಉದಾಹರಣೆಗಳು ಬೇಕಾದಷ್ಟಿದ್ದವು. ಸ್ಟೀರಾಯ್ಡ್ ಮಾಡುವುದೂ ಕಾರ್ಟಿಸಾಲ್ ಮಾಡುವ ಕೆಲಸವನ್ನೇ. ಜ್ವರವೇ ತೆರೆದ ಉಗ್ರಾಣದ ಬಾಗಿಲನ್ನು ಅದು ಹಾರುಹೊಡೆಯುತ್ತದೆ.

ಏರಿದ ಶುಗರ್, ಕುಂದಿದ ರಕ್ಷಣೆ, ಎರಡೂ ಸೇರಿದಲ್ಲಿ ಕಪ್ಪು ಶಿಲೀಂಧ್ರ ಬೆಳೆಯಿತು. ದೇಶದಲ್ಲಿ 2021ರ ಜೂನ್ ಕೊನೆಗೆ 40,000ಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಇತ್ತು. ವೈರಸ್ ಏರಿಸಿದ ಶುಗರ್ ಎಷ್ಟು, ಔಷಧ ಏರಿಸಿದ್ದೆಷ್ಟು ಎಂದು ಬೇರ್ಪಡಿಸದೆ ‘ಕೋವಿಡ್ ಶುಗರ್’ ಎಂದು ಒಂದೇ ಹೆಸರು ಇಟ್ಟಿದ್ದು ಇಂದಿಗೂ ಗೊಂದಲಕ್ಕೆ ಒಂದು ಕಾರಣ.

ರಿಪೋರ್ಟ್ ಕೈಗೆ ಬಂದಾಗ

‘ಯಾವಾಗಿನಿಂದ’ ಎನ್ನುವ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆ ನಮ್ಮ ತಾಲ್ಲೂಕು ಕೇಂದ್ರಗಳ ಲ್ಯಾಬ್‌ಗಳಲ್ಲೂ ಇದೆ. ಎಚ್‌ಬಿಎ1ಸಿ. ಜನ ‘ಮೂರು ತಿಂಗಳ ಶುಗರ್’ ಎನ್ನುವುದು ಇದನ್ನೇ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ಈ ಪರೀಕ್ಷೆ ಹೇಳುತ್ತದೆ. ಜ್ವರ ಬಂದು ಐದೇ ದಿನವಾಗಿದೆ, ಶುಗರ್ 220, ಎಚ್‌ಬಿಎ1ಸಿ 8.2 ಎಂದಿಟ್ಟುಕೊಳ್ಳಿ. ಐದು ದಿನದಲ್ಲಿ ಅಷ್ಟು ಏರಲು ಸಾಧ್ಯವಿಲ್ಲ. ಕಾಯಿಲೆ ತಿಂಗಳುಗಳಿಂದ ಇತ್ತು, ಜ್ವರ ತೋರಿಸಿಕೊಟ್ಟಿತು ಅಷ್ಟೆ. ಅದೇ 220ರ ಜೊತೆ 5.4 ಬಂದರೆ ಅದು ಜ್ವರದ ಏರಿಕೆಯೇ ಇರಬಹುದು. 5.7ರಿಂದ 6.4ರ ನಡುವೆ ಬಂದರೆ ಅಂಚಿನವರು.

ಇಲ್ಲಿ ಒಂದು ಎಚ್ಚರಿಕೆ. ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ರಕ್ತ ಹಾಕಿಸಿಕೊಂಡಿದ್ದರೂ ಅಂಕಿ ನಂಬಲಾಗದು. ಆಗ ಜ್ವರ ಪೂರ್ತಿ ಹೋದ ಎರಡು-ಮೂರು ತಿಂಗಳ ಮೇಲೆ ಖಾಲಿ ಹೊಟ್ಟೆಯ ಶುಗರ್ ನೋಡಿಸುವುದೇ ದಾರಿ. 126 ಅಥವಾ ಜಾಸ್ತಿ ಎರಡು ಬಾರಿ ಬಂದರೆ ಸಕ್ಕರೆ ಕಾಯಿಲೆ.

ಇನ್ನೊಂದು ಸಣ್ಣ ವಿಷಯವನ್ನು ಅನೇಕರು ಗಮನಿಸುವುದಿಲ್ಲ. ಜ್ವರ, ಸುಸ್ತು ಎಂದು ಹಾಕಿಸಿಕೊಳ್ಳುವ ಡ್ರಿಪ್‌ನಲ್ಲಿ ಗ್ಲೂಕೋಸ್ ಇರುವ ಬಗೆಯೂ ಉಂಟು. ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆ ನೇರ ರಕ್ತಕ್ಕೆ. ಡೆಂಗಿ ಎಂದ ಕೂಡಲೇ ಶುರುವಾಗುವ ಹಣ್ಣಿನ ರಸ, ಗ್ಲೂಕೋಸ್ ನೀರು ಬೇರೆ. ಡ್ರಿಪ್ ಓಡುತ್ತಿರುವಾಗ ತೆಗೆದ ರಕ್ತದ ಶುಗರ್ ನೋಡಿ ಯಾರಿಗೂ ಹಣೆಪಟ್ಟಿ ಅಂಟಿಸಬಾರದು.

ಮೊದಲೇ ಸಕ್ಕರೆ ಕಾಯಿಲೆ ಇದ್ದವರಲ್ಲಿ ನಡೆಯುವ ತಪ್ಪು ಇದಕ್ಕಿಂತ ಅಪಾಯಕರ. ‘ಊಟವೇ ಮಾಡುತ್ತಿಲ್ಲ, ಇನ್ಸುಲಿನ್ ಯಾಕೆ?’ ಎಂದು ನಿಲ್ಲಿಸಿಬಿಡುತ್ತಾರೆ. ಲಿವರ್ ಸಕ್ಕರೆ ಸುರಿಸುತ್ತಿರುವಾಗ ಇನ್ಸುಲಿನ್ ಬೇಕಾಗುವುದು ಹೆಚ್ಚು, ಕಡಿಮೆಯಲ್ಲ. ಟೈಪ್ 1 ಇದ್ದವರು ಒಂದು ದಿನವೂ ಪೂರ್ತಿ ನಿಲ್ಲಿಸುವಂತಿಲ್ಲ. ಆದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳ ಲೆಕ್ಕ ಉಲ್ಟಾ. ಊಟ, ನೀರು ಸೇರದೆ ವಾಂತಿಯಾಗುತ್ತಿದ್ದರೆ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಇಲ್ಲದಿದ್ದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಮೆಟ್‌ಫಾರ್ಮಿನ್ ಬಗ್ಗೆಯೂ ಆಗ ಫೋನ್ ಮಾಡಿ ಕೇಳಿಕೊಳ್ಳಬೇಕು.

ಮಕ್ಕಳಲ್ಲಿ ಗಮನಿಸಬೇಕಾದದ್ದು ಬೇರೆ. ಪದೇ ಪದೇ ನೀರು ಕೇಳುವುದು, ಬಿಟ್ಟಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ತೂಕ ಇಳಿಯುವುದು, ಹೊಟ್ಟೆನೋವು, ವಾಂತಿ, ಏದುಸಿರು. ಇವನ್ನು ‘ವೈರಲ್ ಜ್ವರದ ಸುಸ್ತು’ ಎಂದುಕೊಂಡು ಎರಡು ದಿನ ಕಾಯುವುದರಲ್ಲೇ ಟೈಪ್ 1 ವಿಕೋಪಕ್ಕೆ ಹೋಗುತ್ತದೆ. ಬೆರಳು ಚುಚ್ಚಿ ನೋಡುವ ಪರೀಕ್ಷೆಗೆ ಒಂದು ನಿಮಿಷವೂ ಬೇಡ.

ಮುಂದೆ ಏನಾಗಬಹುದು?

ಮೂವತ್ತು ದಾಟಿದವರ ಶುಗರ್, ಬಿಪಿ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. ಕರ್ನಾಟಕದಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಅದನ್ನು ಮನೆ ಬಾಗಿಲಿಗೆ ಒಯ್ಯುತ್ತದೆ. ಇನ್ನೊಂದು ಕಡೆ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿತು. ಡೆಂಗಿಗೆ ಒಂದು ರಿಜಿಸ್ಟರ್, ಶುಗರ್‌ಗೆ ಇನ್ನೊಂದು. ಜ್ವರದ ವಾರ್ಡಿನಲ್ಲಿ ಶುಗರ್ 220 ಇದ್ದು ಮನೆಗೆ ಹೋದವರ ಹೆಸರು ಎರಡನೇ ರಿಜಿಸ್ಟರ್‌ಗೆ ಹೋದರೆ, ಮೂರು ತಿಂಗಳ ನಂತರ ಯಾರಾದರೂ ಬಂದು ಬಾಗಿಲು ತಟ್ಟಬಹುದು. ಹೊಸ ಯಂತ್ರ ಬೇಡ, ಹೊಸ ಔಷಧ ಬೇಡ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಮರುಪರೀಕ್ಷೆಯ ತಾರೀಖು ಬರೆಯುವ ಒಂದು ಸಾಲು ಸಾಕು. ಈಗ ಅಲ್ಲಿ ಸಾಮಾನ್ಯವಾಗಿ ಇರುವುದು ಪ್ಲೇಟ್‌ಲೆಟ್ ಸಂಖ್ಯೆ, ಮತ್ತೆ ಐದು ದಿನದ ಮಾತ್ರೆ.

ಟೈಪ್ 1ರ ಕಡೆ ಕಾಯುವಿಕೆ ಇನ್ನೂ ಉದ್ದ. ಕಾಕ್ಸಾಕಿ ಬಿ ಗುಂಪಿನ ವೈರಸ್‌ಗಳಿಗೆ ತಯಾರಿಸಿದ ಲಸಿಕೆಯೊಂದು ಫಿನ್ಲೆಂಡಿನಲ್ಲಿ ವಯಸ್ಕರ ಮೇಲಿನ ಮೊದಲ ಹಂತದ ಸುರಕ್ಷತಾ ಪರೀಕ್ಷೆ ದಾಟಿದೆ. ಅದು ಸಕ್ಕರೆ ಕಾಯಿಲೆಯನ್ನು ತಡೆಯುತ್ತದೆಯೇ ಎಂದು ತಿಳಿಯಬೇಕಾದರೆ ಎಳೆಯ ಮಕ್ಕಳಿಗೆ ಕೊಡಬೇಕು. ಆಮೇಲೆ ಅವರು ಶಾಲೆ ಮುಗಿಸುವವರೆಗೆ ಕಾಯಬೇಕು.